ಗಾಜಿನ ಮನೆಯಲ್ಲಿ ಎರಡು ವರ್ಷ

ಕಳೆದ ಮಳೆಗಾಲದಲ್ಲಿ ನಮ್ಮ ವಾಚನಾಲಯದವರು ಮಕ್ಕಳಿಗೆ ಮಂಗಳಯಾನದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆದಿದ್ದರು. 2013ರ ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಹೊರಟ ನೌಕೆ 2014ರ ಸೆಪ್ಟೆಂಬರ್ 24ರಂದು ಮಂಗಳ ಗ್ರಹದ ಕಕ್ಷೆ ಸೇರಿದ್ದು, ಬೆಂಗಳೂರಿನಲ್ಲಿ ಕುಳಿತು ಅದನ್ನು ನಡೆಸಿದ್ದು, ಖರ್ಚು ಸುಮಾರು 450 ಕೋಟಿ ರೂಪಾಯಿ ಆದದ್ದು ಎಲ್ಲವನ್ನೂ ಹೇಳಿ ಮುಗಿಸಿದೆ. ಆಗ ಒಂಬತ್ತನೇ ತರಗತಿಯ ಒಬ್ಬ ಹುಡುಗ ಎದ್ದು ನಿಂತು, "ಮಾಷ್ಟ್ರೇ, ಹಾಗಾದ್ರೆ ಭೂಮಿ ಹಾಳಾದ್ರೆ ನಾವು ಅಲ್ಲಿಗೆ ಹೋಗಿ ಕೂತ್ಕೊಳ್ಬಹುದಲ್ಲಾ?" ಎಂದು ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕು, "ಮೊದಲು ಹತ್ತನೇ ಕ್ಲಾಸು ಪಾಸಾಗು ಮಾರಾಯ, ಆಮೇಲೆ ನೋಡುವ" ಎಂದುಬಿಟ್ಟೆ.

ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ಆ ಹುಡುಗನ ಮನೆ ಗೇರು ತೋಟದ ಗುಡ್ಡೆಯ ಬುಡದಲ್ಲಿದೆ. ಅವನ ಅತ್ತೆ ಹುಟ್ಟಿದಾಗಿನಿಂದ ಚಾಪೆ ಬಿಟ್ಟು ಎದ್ದವಳಲ್ಲ. ಭೂಮಿ ಹಾಳಾಗುವುದು ಎಂದರೆ ಏನೆಂದು ಆ ಮನೆಯವರಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಅವನು ಕೇಳಿದ್ದು ತಮಾಷೆಗಲ್ಲ. ಅವತ್ತು ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಉತ್ತರವನ್ನು ಆಕಾಶದಿಂದ ಶುರುಮಾಡುವ ಬದಲು ನಮ್ಮ ಸುರಂಗದಿಂದಲೇ ಶುರುಮಾಡುತ್ತೇನೆ. ನನ್ನ ಅಜ್ಜ ಸುರಂಗ ಕೊರೆಯುವವರು. ಮುರಕಲ್ಲಿನ ಗುಡ್ಡೆಯ ಹೊಟ್ಟೆಯೊಳಗೆ ಪಿಕ್ಕಾಸು ಹಿಡಿದು ಅಡ್ಡಕ್ಕೆ ಕೊರೆಯುತ್ತಾ ನೀರಿನ ಒಸರು ಸಿಗುವವರೆಗೆ ಹೋಗುವ ಕೆಲಸ. ಒಳಗೆ ಹೋಗುವಾಗ ಒಂದು ಮೇಣದಬತ್ತಿ ಜೊತೆಗಿರಬೇಕು. ಅದು ಬೆಳಕಿಗೆ ಮಾತ್ರವಲ್ಲ. ಬತ್ತಿ ಮಂಕಾಯಿತೋ, ಕೆಲಸ ಅಲ್ಲಿಗೇ ಬಿಟ್ಟು ಹೊರಗೆ ಬರಬೇಕು. "ದೀಪಕ್ಕೆ ಸಾಲದ ಗಾಳಿ ನಮಗೂ ಸಾಲದು" ಎಂದು ಅಜ್ಜ ಹೇಳುತ್ತಿದ್ದರು.

ವಿಜ್ಞಾನದ ಚರಿತ್ರೆಯಲ್ಲೂ ಇದೇ ಮೇಣದಬತ್ತಿ ಬರುತ್ತದೆ. 1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಮುಚ್ಚಿದ ಪಾತ್ರೆಯೊಳಗೆ ಬತ್ತಿ ಉರಿಸಿದರು. ಅದು ತಾನಾಗಿ ಆರಿತು. ಆಗಸ್ಟ್ 17ರಂದು ಆ ಕೆಟ್ಟ ಗಾಳಿಯೊಳಗೆ ಪುದಿನದ ಒಂದು ಚಿಗುರು ಇಟ್ಟರು. ಹತ್ತು ದಿನ ಕಳೆದು ನೋಡಿದರೆ ಅದೇ ಗಾಳಿಯಲ್ಲಿ ಬತ್ತಿ ಚೆನ್ನಾಗಿ ಉರಿಯಿತು! ನಾವು ಕೆಡಿಸುವ ಗಾಳಿಯನ್ನು ಗಿಡಗಳು ಸರಿಮಾಡುತ್ತವೆ ಎಂಬ ತಿಳಿವಳಿಕೆಗೆ ಅದು ಆರಂಭ. ಬೇರೆ ಗ್ರಹದಲ್ಲಿ ವಾಸ ಮಾಡುವ ಯೋಚನೆಗೂ ಅದೇ ಬುನಾದಿ. ಯಾಕೆಂದರೆ ಅಲ್ಲಿ ಮನುಷ್ಯ ಇರಬೇಕಾದದ್ದು ಮುಚ್ಚಿದ ಪಾತ್ರೆಯೊಳಗೇ.

ಇದನ್ನು ದೊಡ್ಡದಾಗಿ ಮಾಡಿ ನೋಡಿದವರಲ್ಲಿ ರಷ್ಯದವರು ಮೊದಲಿಗರು. ಸೈಬೀರಿಯದ ಕ್ರಾಸ್ನೊಯಾರ್ಸ್ಕ್ ಎಂಬಲ್ಲಿ 1972ರಲ್ಲಿ ಬಯೋಸ್-3 ಎಂಬ ಉಕ್ಕಿನ ಕೋಣೆ ತಯಾರಾಯಿತು. ಅದರ ಅಳತೆ 315 ಘನ ಮೀಟರ್. ಮೂರು ಜನ ಅದರೊಳಗೆ ಸೇರಿ, ಪಾಚಿ ಮತ್ತು ಗೋಧಿ ಬೆಳೆಸಿ, ಅವು ಬಿಟ್ಟ ಉಸಿರನ್ನು ತಾವು ಎಳೆದುಕೊಂಡು ಬದುಕಿದರು. ಅತಿ ದೀರ್ಘವಾದ ಪ್ರಯೋಗ 180 ದಿನ ನಡೆಯಿತು. ಗಾಳಿಯ ಲೆಕ್ಕ ಹೆಚ್ಚು ಕಡಿಮೆ ಸರಿಹೋಯಿತು. ಊಟದ ಲೆಕ್ಕ ಪೂರ್ತಿ ಸರಿಹೋಗಲಿಲ್ಲ, ಒಣಗಿಸಿದ ಮಾಂಸವನ್ನು ಹೊರಗಿನಿಂದಲೇ ಇಟ್ಟುಕೊಳ್ಳಬೇಕಾಯಿತು.

ಅದಕ್ಕಿಂತ ಎಷ್ಟೋ ದೊಡ್ಡ ಪ್ರಯೋಗ ಅಮೆರಿಕದ ಅರಿಜೋನಾ ರಾಜ್ಯದ ಮರುಭೂಮಿಯಲ್ಲಿ, ಒರಾಕಲ್ ಎಂಬ ಊರಿನ ಹತ್ತಿರ ನಡೆಯಿತು. ಅದರ ಹೆಸರು ಬಯೋಸ್ಫಿಯರ್-2. "ಒಂದನೆಯದು ಎಲ್ಲಿ?" ಎಂದು ಕೇಳಿದರೆ, ನಾವು ನಿಂತಿರುವ ಈ ಭೂಮಿಯೇ ಒಂದನೆಯದು. ಜಾನ್ ಅಲೆನ್ ಎಂಬವರದು ಯೋಚನೆ, ಟೆಕ್ಸಸ್ಸಿನ ಎಣ್ಣೆ ಸಾಹುಕಾರ ಮನೆತನದ ಎಡ್ ಬಾಸ್ ಎಂಬವರದು ಹಣ. ಮೂರು ಎಕರೆಗಿಂತ ಸ್ವಲ್ಪ ಹೆಚ್ಚು ಜಾಗ, ಅಂದರೆ ನಮ್ಮ ಕಡೆಯ ಒಂದು ಸಾಧಾರಣ ಅಡಿಕೆ ತೋಟದಷ್ಟು. ಅದಕ್ಕೆ ಮೇಲೆ ಗಾಜು, ಅಡಿಯಲ್ಲಿ ಉಕ್ಕಿನ ತಗಡು. ಒಳಗೆ ಒಂದು ಮಳೆಕಾಡು, ಹುಲ್ಲುಗಾವಲು, ಮರುಭೂಮಿ, ಕಾಂಡ್ಲಾ ಕಾಡು, ಹವಳದ ದಿಬ್ಬ ಸಮೇತ ಒಂದು ಪುಟ್ಟ ಸಮುದ್ರ, ಮತ್ತೆ ಅರ್ಧ ಎಕರೆಗಿಂತ ಸ್ವಲ್ಪ ಹೆಚ್ಚು ಕೃಷಿ ಭೂಮಿ. ಹಗಲು ಬಿಸಿಲಿಗೆ ಗಾಳಿ ಹಿಗ್ಗಿ ಗಾಜು ಒಡೆಯಬಾರದಲ್ಲ, ಅದಕ್ಕಾಗಿ ಉಬ್ಬಿ ತಗ್ಗುವ ಎರಡು ದೊಡ್ಡ ಶ್ವಾಸಕೋಶಗಳನ್ನೂ ಕಟ್ಟಿದ್ದರು. ವಿದ್ಯುತ್ ಮಾತ್ರ ಹೊರಗಿನಿಂದ.

1991ರ ಸೆಪ್ಟೆಂಬರ್ 26ರಂದು ನಾಲ್ವರು ಗಂಡಸರು, ನಾಲ್ವರು ಹೆಂಗಸರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಎರಡು ವರ್ಷ ಹೊರಗಿನಿಂದ ಏನೂ ಬರಬಾರದು ಎಂಬುದು ಕರಾರು. ಆದರೆ ಹದಿನೈದು ದಿನದೊಳಗೇ ಒಬ್ಬಾಕೆಯ ಬೆರಳ ತುದಿ ಭತ್ತ ಬಡಿಯುವ ಯಂತ್ರಕ್ಕೆ ಸಿಕ್ಕಿ ತುಂಡಾಯಿತು. ಶಸ್ತ್ರಚಿಕಿತ್ಸೆಗೆ ಹೊರಗೆ ಹೋಗಿ ಬರಬೇಕಾಯಿತು. ಮಂಗಳ ಗ್ರಹದಲ್ಲಾದರೆ ಆ ಬೆರಳಿಗೆ ಹೊರಗಿನ ಆಸ್ಪತ್ರೆ ಎಲ್ಲಿಂದ ಬರಬೇಕು?

ಒಳಗಿನ ಜೀವನ ಅಪ್ಪಟ ಬೇಸಾಯದ್ದು. ಭತ್ತ, ಗೋಧಿ, ಗೆಣಸು, ಬೀಟ್‌ರೂಟ್, ಬಾಳೆ, ಪಪ್ಪಾಯಿ, ನೆಲಗಡಲೆ, ನಮ್ಮ ಅವರೆ ಕೂಡ ಬೆಳೆದರು. ಆಡು, ಕೋಳಿ ಸಾಕಿದರು. ಆದರೆ ಎರಡೂ ಚಳಿಗಾಲದಲ್ಲಿ ಮೋಡ ಹೆಚ್ಚಾಗಿ ಬಿಸಿಲು ಸಾಲಲಿಲ್ಲ, ಬೆಳೆಗೆ ಕೀಟದ ಕಾಟವೂ ಬಂತು. ಬೇಕಾದ ಆಹಾರದಲ್ಲಿ ಶೇಕಡಾ 80ಕ್ಕಿಂತ ಹೆಚ್ಚನ್ನು ತಾವೇ ಬೆಳೆದುಕೊಂಡರು ಎಂಬುದು ಸಣ್ಣ ಮಾತಲ್ಲ. ಆದರೂ ಹಸಿವು ತಪ್ಪಲಿಲ್ಲ. ಎಂಟೂ ಜನ ಸೊರಗಿದರು. ಗೆಣಸು ತಿಂದು ತಿಂದು ಕೆಲವರ ಮೈಬಣ್ಣವೇ ಕಿತ್ತಳೆಯಾಯಿತಂತೆ. ಹೂವಿಗೆ ಪರಾಗ ಹಾಯಿಸುವ ಹುಳಗಳು ಸತ್ತುಹೋದವು. ಯಾರೂ ಬಯಸದ ಜಿರಲೆ ಮತ್ತು ಇರುವೆ ಮಾತ್ರ ಚೆನ್ನಾಗಿ ಹೆಚ್ಚಿದವು.

ಎಲ್ಲಕ್ಕಿಂತ ದೊಡ್ಡ ಕಷ್ಟ ಕಣ್ಣಿಗೆ ಕಾಣದ್ದು. ಒಳಗಿನ ಗಾಳಿಯ ಆಮ್ಲಜನಕ ತಿಂಗಳಿಂದ ತಿಂಗಳಿಗೆ ಇಳಿಯುತ್ತಾ ಹೋಯಿತು. ಶೇಕಡಾ 20.9 ಇದ್ದದ್ದು 16 ತಿಂಗಳಲ್ಲಿ 14.2ಕ್ಕೆ ಬಂತು. ಇದು ಸುಮಾರು 4,000 ಮೀಟರ್ ಎತ್ತರದ ಬೆಟ್ಟದ ಮೇಲಿನ ಗಾಳಿಗೆ ಸಮ. ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟು ಹತ್ತಿದ ಹಾಗೆ. ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಮಲಗಿದಲ್ಲಿ ಉಸಿರು ಸಿಕ್ಕದೆ ಎಚ್ಚರ. ಅಜ್ಜನ ಮೇಣದಬತ್ತಿ ಅಲ್ಲಿದ್ದರೆ ಆರಿಹೋಗುತ್ತಿತ್ತು. ಕೊನೆಗೆ 1993ರ ಜನವರಿಯಲ್ಲಿ ಹೊರಗಿನಿಂದ ಆಮ್ಲಜನಕ ತುಂಬಿಸಬೇಕಾಯಿತು. ಕರಾರು ಮುರಿಯಿತು, ಜೀವ ಉಳಿಯಿತು.

ಆಮ್ಲಜನಕ ಎಲ್ಲಿಗೆ ಹೋಯಿತು? ಇದನ್ನು ಹುಡುಕಿದ ಕಥೆಯನ್ನು ಶಾಲೆಯಲ್ಲಿ ಮಕ್ಕಳಿಗೆ ಹೇಳಬೇಕು. ಬೆಳೆ ಚೆನ್ನಾಗಿ ಬರಲಿ ಎಂದು ಗೊಬ್ಬರ ತುಂಬಿದ ಮಣ್ಣು ಹಾಕಿದ್ದರು. ಆ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತಿದ್ದವು. ಹಾಗಾದರೆ ಡೈಆಕ್ಸೈಡ್ ಅಷ್ಟೇ ಏರಬೇಕಿತ್ತಲ್ಲ? ಏರಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಜೆಫ್ ಸೆವೆರಿಂಗಾಸ್, ವಾಲೇಸ್ ಬ್ರೋಕರ್ ಮೊದಲಾದವರು ಒಳಗಿನ ಕಾಂಕ್ರೀಟನ್ನು ಪರೀಕ್ಷೆ ಮಾಡಿದರು. ಕಳ್ಳ ಸಿಕ್ಕಿದ್ದು ಅಲ್ಲಿ. ಸುಣ್ಣದ ಗಾರೆ ಗಾಳಿ ಕುಡಿದು ಗಟ್ಟಿಯಾಗುವುದನ್ನು ನಮ್ಮ ಹಳೆ ಮೇಸ್ತ್ರಿಗಳು ಬಲ್ಲರು. ಅದೇ ರೀತಿ ಆ ಕಾಂಕ್ರೀಟ್ ಡೈಆಕ್ಸೈಡನ್ನು ಕುಡಿದು, ಅದರೊಳಗಿದ್ದ ಆಮ್ಲಜನಕವನ್ನೂ ಕಲ್ಲಿನಲ್ಲಿ ಬಂಧಿಸಿಟ್ಟಿತ್ತು. ಗಿಡಗಳಿಗೆ ಅದು ವಾಪಸು ಸಿಗಲೇ ಇಲ್ಲ. ಅಷ್ಟು ದೊಡ್ಡ ತಜ್ಞರ ಗುಂಪು ಗೊಬ್ಬರವನ್ನೂ ಗೋಡೆಯನ್ನೂ ಲೆಕ್ಕಕ್ಕೆ ಹಿಡಿಯಲು ಮರೆತಿತ್ತು.

ಜೊತೆಗೆ ಮನಸ್ಸಿನ ವಿಷಯ. ಎಂಟು ಜನ ಒಳಗೆ ನಾಲ್ಕು ನಾಲ್ಕಾಗಿ ಎರಡು ಪಂಗಡವಾದರು. ಹಿತ್ತಿಲಿನ ಗಡಿಗೆ ಜಗಳವಾಡಿ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ನಾವು ನೋಡಿದ್ದೇವೆ. ಅವರಲ್ಲಿ ಒಬ್ಬ ದಾರಿ ಬದಲಿಸಿ ನಡೆಯಬಹುದು. ಗಾಜಿನ ಮನೆಯಲ್ಲಿ ಬದಲಿಸಲು ದಾರಿಯಿಲ್ಲ. ಆದರೂ ಮಾತು ನಿಂತರೂ ಕೆಲಸ ನಿಲ್ಲಿಸದೆ, 1993ರ ಸೆಪ್ಟೆಂಬರ್ 26ರಂದು ಎಂಟೂ ಜನ ಜೀವಂತ ಹೊರಗೆ ಬಂದರು. ಅವರನ್ನು ಸೋತವರೆಂದು ಗೇಲಿ ಮಾಡಿದವರು ಬಹಳ. ನನಗೆ ಹಾಗೆ ಅನ್ನಿಸುವುದಿಲ್ಲ. ಅವರು ಸೋತು ಕಲಿಸಿದ್ದು ಬೇರೆಯವರು ಗೆದ್ದು ಕಲಿಸಿದ್ದಕ್ಕಿಂತ ಹೆಚ್ಚು. 1994ರಲ್ಲಿ ಎರಡನೇ ತಂಡ ಹೋಯಿತು, ಆರು ತಿಂಗಳಲ್ಲಿ ಮುಗಿಯಿತು. ಈಗ ಆ ಕಟ್ಟಡ ಅರಿಜೋನಾ ವಿಶ್ವವಿದ್ಯಾಲಯದ ಕೈಯಲ್ಲಿದೆ. ಭೂಮಿಯ ಕಾಡು, ನೀರು, ಹವೆ ಹೇಗೆ ಬದಲಾಗುತ್ತವೆ ಎಂದು ತಿಳಿಯಲು ಅದನ್ನು ಬಳಸುತ್ತಾರೆ.

ಇನ್ನು ಮಂಗಳದ ಲೆಕ್ಕ ನೋಡುವ. ಅಲ್ಲಿನ ಗಾಳಿ ನಮ್ಮ ಗಾಳಿಯ ನೂರರಲ್ಲಿ ಒಂದು ಪಾಲಿಗಿಂತ ತೆಳು, ಅದರಲ್ಲೂ ಶೇಕಡಾ 95 ಡೈಆಕ್ಸೈಡ್. ಸರಾಸರಿ ಚಳಿ ಸೊನ್ನೆಗಿಂತ ಸುಮಾರು 60 ಡಿಗ್ರಿ ಕೆಳಗೆ. ಹೋಗಲು ಆರೇಳು ತಿಂಗಳು ಬೇಕು, ಅದೂ 26 ತಿಂಗಳಿಗೊಮ್ಮೆ ಮಾತ್ರ ದಾರಿ ಅನುಕೂಲ. ಮೈಗೆ ತಾಗುವ ವಿಕಿರಣ ತಡೆಯಲು ಮಣ್ಣಿನಡಿಯಲ್ಲಿ ವಾಸ ಮಾಡಬೇಕಾದೀತು. ಆ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಎಂಬ ವಿಷದ ಲವಣ ಇದೆ ಎಂದು 2008ರಲ್ಲಿ ಫೀನಿಕ್ಸ್ ಎಂಬ ನೌಕೆ ಕಂಡುಹಿಡಿಯಿತು. ತೊಳೆಯದೆ ಅದರಲ್ಲಿ ಒಂದು ಬಸಳೆ ಬಳ್ಳಿಯನ್ನೂ ನೆಡುವ ಹಾಗಿಲ್ಲ.

ಆದರೆ ಕೈಕಟ್ಟಿ ಕೂತವರೂ ಯಾರೂ ಇಲ್ಲ. ನಾಸಾದವರು ಪರ್ಸಿವಿಯರೆನ್ಸ್ ಎಂಬ ಗಾಡಿಯಲ್ಲಿ ಮಾಕ್ಸಿ ಎಂಬ ಪೆಟ್ಟಿಗೆಯನ್ನು ಕಳಿಸಿದರು. ಅದು ಮಂಗಳದ ಗಾಳಿಯಿಂದಲೇ ಆಮ್ಲಜನಕ ತಯಾರಿಸಿತು. 2021ರಿಂದ 2023ರವರೆಗೆ 16 ಸಲ ಓಡಿ ಒಟ್ಟು 122 ಗ್ರಾಂ ಕೊಟ್ಟಿತು. ಒಬ್ಬ ಮನುಷ್ಯನಿಗೆ ಮೂರೂವರೆ ಗಂಟೆ ಉಸಿರಾಡಲು ಸಾಕು. ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 2000ದ ನವೆಂಬರಿನಿಂದ ಜನ ಬಿಡದೆ ಇದ್ದಾರೆ. ಬೆವರು, ಮೂತ್ರ ಎಲ್ಲವನ್ನೂ ಶುದ್ಧಮಾಡಿ ನೀರಿನ ಶೇಕಡಾ 98 ಪಾಲನ್ನು ವಾಪಸು ಪಡೆಯುವ ಮಟ್ಟಕ್ಕೆ 2023ರಲ್ಲಿ ತಲುಪಿದರು. ಆದರೆ ಆ ನಿಲ್ದಾಣ ಇರುವುದು 400 ಕಿಲೋಮೀಟರ್ ಮೇಲೆ. ಇಲ್ಲಿಂದ ಬೆಂಗಳೂರಿಗೆ ಹೋಗುವಷ್ಟೇ ದೂರ ಎನ್ನಿ. ಊಟ, ಬಿಡಿಭಾಗ ಎಲ್ಲ ಕೆಳಗಿನಿಂದ ಹೋಗುತ್ತಲೇ ಇರುತ್ತದೆ.

ಹಾಗಾದರೆ ಹೋಗಬೇಕೋ ಬೇಡವೋ? ಹೋಗಬೇಕು ಎಂದೇ ನನ್ನ ಅಭಿಪ್ರಾಯ. ನಮ್ಮ ದೇಶದವರು ಅಂಟಾರ್ಕ್ಟಿಕದಲ್ಲಿ ಮೈತ್ರಿ, ಭಾರತಿ ಎಂಬ ಎರಡು ನೆಲೆ ಕಟ್ಟಿಕೊಂಡು ಅಧ್ಯಯನ ಮಾಡುತ್ತಿದ್ದಾರೆ. ಹೋದವರು ಕೆಲಸ ಮುಗಿಸಿ ಊರಿಗೆ ಬರುತ್ತಾರೆ. ಅಲ್ಲಿ ಯಾರೂ ಒಕ್ಕಲು ಕೂತಿಲ್ಲ. ಮಂಗಳಕ್ಕೂ ಹಾಗೆ ಹೋಗಬಹುದು. ಹೆಂಡತಿ ಮಕ್ಕಳ ಸಮೇತ ವಾಸಕ್ಕೆ ಹೋಗುವ ಮೊದಲು ಒಂದು ಶರ್ತ ಇರಲಿ. ಭೂಮಿಯ ಮೇಲೆಯೇ ಒಂದು ಮನೆ ಕಟ್ಟಿ, ಬಾಗಿಲು ಹಾಕಿ, ಹೊರಗಿನಿಂದ ಒಂದು ಹಿಡಿ ಅಕ್ಕಿಯಾಗಲಿ ಒಂದು ಉಸಿರು ಗಾಳಿಯಾಗಲಿ ಪಡೆಯದೆ ಹತ್ತಾರು ವರ್ಷ ಬದುಕಿ ತೋರಿಸಬೇಕು. ಇಲ್ಲಿ ಆಗದ್ದು ಅಲ್ಲಿ ಆಗುವುದಿಲ್ಲ. ಇನ್ನೊಂದು ವಿಷಯ, ಆಕಾಶದ ಯಾವ ಗ್ರಹವನ್ನೂ ಯಾವ ದೇಶವೂ ತನ್ನದೆನ್ನುವ ಹಾಗಿಲ್ಲ ಎಂದು 1967ರ ಒಪ್ಪಂದ ಹೇಳುತ್ತದೆ. 1956ರಲ್ಲಿ ಎಳೆದ ಗೆರೆಯ ಈಚೆಗೆ ಉಳಿದ ನಮಗೆ ಆ ಒಪ್ಪಂದದ ಬೆಲೆ ಸ್ವಲ್ಪ ಹೆಚ್ಚೇ ಗೊತ್ತು.

ಭೂಮಿ ಹಾಳಾದರೆ ಓಡಿಹೋಗಲು ಮಾತ್ರ ಅದು ಜಾಗವಲ್ಲ. ನಮ್ಮ ಜಿಲ್ಲೆಯ ಗೇರು ಗುಡ್ಡೆಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. 2000ದಲ್ಲಿ ಅದು ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದರ ತಯಾರಿ, ಮಾರಾಟ ನಿಲ್ಲಿಸಿತು. ಸುರಿದವರ ಲೆಕ್ಕದಲ್ಲಿ ಅದು ಟೀ ಸೊಳ್ಳೆಗೆ ಸುರಿದದ್ದು. ತೋಡಿನ ನೀರು, ಹಟ್ಟಿಯ ದನ, ಬಸುರಿ ಹೆಂಗಸು ಅವರ ಲೆಕ್ಕದಲ್ಲಿ ಬರಲಿಲ್ಲ. ಅರಿಜೋನಾದವರು ಗೋಡೆಯನ್ನು ಮರೆತದ್ದು ಕಲಿಯುವಾಗಿನ ತಪ್ಪು, ಅವರು ಅದರೊಳಗೆ ತಾವೇ ಕೂತಿದ್ದರು. ಇಲ್ಲಿ ಮೇಲಿನಿಂದ ಸುರಿದವರು ಬೇರೆ, ಕೆಳಗೆ ಉಸಿರಾಡಿದವರು ಬೇರೆ. ಹಾಗೆ ಲೆಕ್ಕ ಹಾಕುವವರು ಮಂಗಳಕ್ಕೆ ಹೋದರೂ ಅಲ್ಲಿ ಬಡವರ ಕೋಣೆಗೇ ಗಾಳಿ ಮೊದಲು ಕಡಿಮೆಯಾಗುತ್ತದೆ.

ನಮ್ಮ ಮಾಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದು ವಿನಂತಿ. ದೊಡ್ಡ ಗಾಜಿನ ಭರಣಿಯಲ್ಲಿ ಸ್ವಲ್ಪ ಒದ್ದೆ ಮಣ್ಣು, ಒಂದೆರಡು ಸಣ್ಣ ಗಿಡ ಹಾಕಿ, ಬಾಯಿ ಬಿಗಿದು ಬೆಳಕಿರುವ ಕಡೆ ಇಡಿ. ವರ್ಷವಿಡೀ ಮಕ್ಕಳು ನೋಡಲಿ. ಎಷ್ಟು ಗೊಬ್ಬರಕ್ಕೆ ಏನಾಗುತ್ತದೆ, ಎಷ್ಟು ನೀರಿಗೆ ಏನಾಗುತ್ತದೆ ಎಂದು ಬರೆದಿಡಲಿ. ಪುಸ್ತಕದ ಹತ್ತು ಪುಟಕ್ಕಿಂತ ಅದು ಹೆಚ್ಚು ಕಲಿಸುತ್ತದೆ.

ಈ ಲೇಖನವನ್ನು ಅಚ್ಚಿಗೆ ಕೊಡುವ ಮೊದಲು ಆ ಹುಡುಗನನ್ನು ಕರೆಸಿ ಓದಿ ಹೇಳಿದೆ. ಅವತ್ತು ನಕ್ಕದ್ದು ತಪ್ಪಾಯಿತು ಎಂದೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಷ್ಟ್ರೇ, ಆ ಕಾಂಕ್ರೀಟಿಗೆ ಮೊದಲೇ ಬಣ್ಣ ಬಳಿದಿದ್ರೆ ಆಗ್ತಿತ್ತಾ?" ಎಂದು ಕೇಳಿದ. ಈ ಸಲ ನಾನು ನಗಲಿಲ್ಲ. "ಭರಣಿ ಒಂದು ತಾ, ನಾವೇ ನೋಡುವ" ಎಂದೆ.