ಬಸ್ ಅಂದ್ರೆ ಎಲ್ಲರಿಗಾಗಿ

ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ದಾರಿಯಲ್ಲಿ ‘ಬಸ್’ ಅನ್ನೋ ಮಾತು ಎರಡು ಥರ ಕೇಳಿಸುತ್ತದೆ. ಒಂದು, ನಾವು ಕುಂತ ಗಾಡಿ. ಇನ್ನೊಂದು, ‘ಬಸ್, ಸಾಕು, ಇನ್ನ ಜಾಗ ಇಲ್ಲ’ ಅನ್ನುವಾಗಿನ ಬಸ್. ಈ ಎರಡನೆಯದು ಫಾರಸಿ ಪದ, ಉರ್ದು ಮೂಲಕ ನಮ್ಮ ಬಾಯಿಗೆ ಬಂದಿದ್ದು. ಗಾಡಿಯ ಬಸ್ಸಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಅರ್ಥ ನೋಡಿದರೆ ಎರಡೂ ಉಲ್ಟಾ.

ಗಾಡಿಯ ಬಸ್ ‘ಆಮ್ನಿಬಸ್’ ಎಂಬ ಲ್ಯಾಟಿನ್ ಪದದ ಬಾಲ. ಇಡೀ ಪದದ ಅರ್ಥ ‘ಎಲ್ಲರಿಗಾಗಿ’. ಜನ ತಲೆ ಬಿಟ್ಟು ಬಾಲ ಉಳಿಸಿಕೊಂಡರು. ನಾವು ‘ಎಲ್ಲರಿಗೆ’ ಅನ್ನೋದರಲ್ಲಿ ಬರೀ ‘ಗೆ’ ಉಳಿಸಿಕೊಂಡ ಹಾಗೆ!

1826ರಲ್ಲಿ ಫ್ರಾನ್ಸಿನ ನಾಂಟ್ ಊರಿನಲ್ಲಿ ಸ್ಟಾನಿಸ್ಲಾಸ್ ಬೋದ್ರಿ ಎಂಬುವನು ಬಿಸಿನೀರಿನ ಸ್ನಾನದ ಮನೆ ನಡೆಸುತ್ತಿದ್ದ. ಅದು ಊರ ಹೊರಗಿತ್ತು. ಗಿರಾಕಿಗಳನ್ನು ಕರೆತರಲು ಕುದುರೆ ಗಾಡಿ ಬಿಟ್ಟ. ಹತ್ತಿದವರು ಬಹಳ ಮಂದಿ ನಡುದಾರಿಯಲ್ಲೇ ಇಳಿದುಹೋದರು. ಅವರಿಗೆ ಸ್ನಾನ ಬೇಕಿರಲಿಲ್ಲ, ಸವಾರಿ ಬೇಕಿತ್ತು. ಬೋದ್ರಿ ಸಿಟ್ಟಾಗಲಿಲ್ಲ, ಅದನ್ನೇ ಧಂದೆ ಮಾಡಿಕೊಂಡ. 1828ರಲ್ಲಿ ಪ್ಯಾರಿಸ್, 1829ರಲ್ಲಿ ಲಂಡನ್ ಆಮ್ನಿಬಸ್ ಕಂಡವು. ಅಂದರೆ ಬಸ್ ಬೆಳೆದಿದ್ದೇ ನಡುದಾರಿಯಲ್ಲಿ ಇಳಿಯುವವರಿಂದ.

ನಮ್ಮ ಭಾಗ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿ 1932ರಲ್ಲಿ ರೈಲ್ವೆ ಇಲಾಖೆಯೇ 27 ಬಸ್ಸುಗಳೊಂದಿಗೆ ಸರ್ಕಾರಿ ಸಾರಿಗೆ ಶುರು ಮಾಡಿತು. 1956ರಲ್ಲಿ ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿತು. 2000ದಲ್ಲಿ ಕಲಬುರಗಿಯಲ್ಲೇ ಕೇಂದ್ರ ಕಚೇರಿ ಇರುವ ಈಶಾನ್ಯ ಸಾರಿಗೆ ಸಂಸ್ಥೆ ಬಂತು. 2021ರಲ್ಲಿ ಅದರ ಹೆಸರು ಕಲ್ಯಾಣ ಕರ್ನಾಟಕ ಸಾರಿಗೆ ಆಯಿತು.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ, ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಶೂನ್ಯ ದರದ ಟಿಕೆಟ್ ಸಿಕ್ಕಿತು. ‘ಎಲ್ಲರಿಗಾಗಿ’ ಎಂಬ ಹಳೆಯ ಅರ್ಥಕ್ಕೆ ಇಷ್ಟು ಹತ್ತಿರ ಬಸ್ ಎಂದೂ ಬಂದಿರಲಿಲ್ಲ ಅನಿಸುತ್ತದೆ. ಆದರೆ ಟಿಕೆಟ್ ಪುಕ್ಕಟೆ ಇದ್ದರೂ ಗಾಡಿ ನಿಲ್ಲಬೇಕಲ್ಲ? ಮಹಾಗಾಂವ ಕ್ರಾಸಿನಂಥ ಜಾಗದಲ್ಲಿ ಪುಸ್ತಕದ ಚೀಲ ಹಿಡಿದು ನಿಂತ ಹುಡುಗಿಗೆ ‘ತಡೆರಹಿತ’ ಬೋರ್ಡಿನ ಬಸ್ ಬರೀ ಧೂಳು.

ಇದಕ್ಕೆ ಸಾರಿಗೆಯವರ ಭಾಷೆಯಲ್ಲೇ ಒಂದು ಪದ ಇದೆ: ‘ಕೋರಿಕೆ ನಿಲುಗಡೆ’. ನಿಮ್ಮೂರ ಕ್ರಾಸಿಗೆ ಅದು ಬೇಕಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ಠರಾವು ಮಾಡಿಸಿ, ಶಾಲೆ ಬಿಡುವ ಹೊತ್ತನ್ನೂ ಬರೆದು, ಸಾರಿಗೆಯ ವಿಭಾಗೀಯ ನಿಯಂತ್ರಣಾಧಿಕಾರಿಗೆ ಅರ್ಜಿ ಕೊಡಿ.