ಬೋಲ್ಟಿನ ತಲೆಯ ಮೇಲಿನ ಇತಿಹಾಸ

ಸಾಂಬ್ರಾಣಿಯಿಂದ ದಾಂಡೇಲಿ, ಜೋಯಿಡಾ ಕಡೆಗಿನ ಕಾಡುದಾರಿಗಳಲ್ಲಿ ಓಡಾಡಿದವರಿಗೆ ಜೀಪು ಹೊಸದಲ್ಲ. ಹಳೆಯದೊಂದನ್ನು ತೋರಿಸಿ 'ಇದು ಯುದ್ಧದ ಕಾಲದ್ದು' ಎಂದು ಯಾರಾದರೂ ಹೆಮ್ಮೆಪಟ್ಟರೆ, ಮೊದಲು ಮುಂಭಾಗದ ಜಾಲರಿಯ ಸೀಳುಗಳನ್ನು ಎಣಿಸಿರಿ. ಪಟ್ಟಿಗಳನ್ನು ಬೆಸೆದು ಮಾಡಿದ ಆರಂಭದ ಜೀಪುಗಳನ್ನು ಬಿಟ್ಟರೆ, ಯುದ್ಧಕಾಲದವಕ್ಕೆ ಒಂಬತ್ತು ಸೀಳು. ಅನಂತರದ ನಾಗರಿಕ ಮಾದರಿಗಳಿಗೆ ಏಳು.

ಆದರೆ ಜಾಲರಿ ಬದಲಾಯಿಸುವುದು ಅರ್ಧ ದಿನದ ಕೆಲಸ. ಆದ್ದರಿಂದ ಬಲ್ಲವರು ಗಾಡಿಯ ಕೆಳಗೆ ತೂರುತ್ತಾರೆ. 1941ರಿಂದ 1945ರವರೆಗೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸುಮಾರು 6 ಲಕ್ಷ 40 ಸಾವಿರ ಜೀಪುಗಳನ್ನು ತಯಾರಿಸಿದವು. ನಕ್ಷೆ ಒಂದೇ, ಬಿಡಿಭಾಗಗಳು ಅದಲುಬದಲಾಗುವಂಥವು. ಆದರೂ ರೇಡಿಯೇಟರಿನ ಕೆಳಗಿನ ಚಾಸಿಯ ಅಡ್ಡಪಟ್ಟಿ ವಿಲ್ಲಿಸ್‌ನದಾದರೆ ದುಂಡನೆಯ ಕೊಳವೆ, ಫೋರ್ಡ್‌ನದಾದರೆ ಬೋರಲು ಹಾಕಿದ ದೋಣಿಯಂತೆ. ಫೋರ್ಡ್ ತನ್ನ ಭಾಗಗಳ ಮೇಲೆ, ಬೋಲ್ಟುಗಳ ತಲೆಯ ಮೇಲೂ, ಪುಟ್ಟ 'ಎಫ್' ಅಕ್ಷರ ಒತ್ತುತ್ತಿತ್ತು. ಗ್ರೀಸು ಒರೆಸಿದರೆ ಅದು ಇಂದಿಗೂ ಕಾಣುತ್ತದೆ. ತುಕ್ಕು ತೆಗೆಯುವ ಉತ್ಸಾಹದಲ್ಲಿ ಗ್ರೈಂಡರ್ ಆಡಿಸಿದಿರೋ, ಸಾಕ್ಷಿ ಹೋಯಿತು.

ಯುದ್ಧದ ಬೆನ್ನಿಗೇ ಬಂದ ಕ್ರೀಡಾ ಕಾರುಗಳಲ್ಲಿ ಒಗಟು ಇನ್ನೂ ಸೊಗಸಾಗಿದೆ. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1945ರಿಂದ 1949ರವರೆಗೆ ತಯಾರಾದ ಎಂಜಿ ಟಿಸಿಯನ್ನೇ ನೋಡಿ. ಅದರ ಎಂಜಿನ್ನಿನ ಬೋಲ್ಟಿಗೆ ಬ್ರಿಟಿಷ್ ವಿಟ್‌ವರ್ತ್ ಸ್ಪ್ಯಾನರ್ ಸರಿಯಾಗಿ ಕೂರುತ್ತದೆ; ಬಿಚ್ಚಿ ನೋಡಿದರೆ ಮರೆ ಮಿಲಿಮೀಟರ್ ಲೆಕ್ಕದ್ದು! 'ಯಾರೋ ನಮ್ಮೂರ ಮೇಸ್ತ್ರಿಯ ಕೈವಾಡ' ಎಂದು ಎಸೆಯಲು ಮನಸ್ಸಾಗುವುದು ಸಹಜ. ಅದೇ ಅಸಲು. 1923ರಲ್ಲಿ ಮಾರಿಸ್ ಕೊಂಡುಕೊಂಡ ಕೊವೆಂಟ್ರಿಯ ಎಂಜಿನ್ ಕಾರ್ಖಾನೆ ಮೊದಲು ಫ್ರೆಂಚ್ ಹಾಚ್‌ಕಿಸ್ ಕಂಪನಿಯದು. ಯಂತ್ರಗಳು ಫ್ರೆಂಚ್ ಅಳತೆಯವು, ಕೊಳ್ಳುವವರ ಸ್ಪ್ಯಾನರು ಇಂಗ್ಲಿಷ್ ಅಳತೆಯದು. ಅಲ್ಲಿನ ಎಂಜಿನಿಯರುಗಳು ಎರಡನ್ನೂ ಒಂದೇ ಬೋಲ್ಟಿನಲ್ಲಿ ಕೂರಿಸಿದರು.

ಬಣ್ಣವೂ ಹೀಗೆಯೇ ಮಾತಾಡುತ್ತದೆ. ಬಾನೆಟ್ಟಿನ ಮೇಲೆ ಹುಡುಕಿ ಪ್ರಯೋಜನವಿಲ್ಲ, ಅದು ಹಲವು ಬಾರಿ ಬಣ್ಣ ಕಂಡಿರುತ್ತದೆ. ಡ್ಯಾಶ್‌ಬೋರ್ಡಿನ ಹಿಂಬದಿ, ಸೀಟಿನಡಿ, ಕಂಪನಿಯ ತಗಡು ಫಲಕದ ಕೆಳಗೆ ನೋಡಬೇಕು. ನುಣುಪಾದ ವಾಟರ್ ಪೇಪರ್‌ನಿಂದ ಕಾಸಿನಗಲ ಜಾಗ ಉಜ್ಜಿದರೆ ಪದರಗಳು ಸಾಗವಾನಿಯ ಉಂಗುರದಂತೆ ತೆರೆದುಕೊಳ್ಳುತ್ತವೆ. ಸೇನೆಯ ಜೀಪಿನದು ಹೊಳಪಿಲ್ಲದ ಮಂಕು ಹಸಿರು. ಅದನ್ನು ಕನ್ನಡಿಯಂತೆ ಮಿನುಗಿಸುವ ಇಂದಿನ ಚಾಳಿ ನನಗಂತೂ ಹಿಡಿಸದು. ಅಂದಹಾಗೆ, ಜೇಬಿನಲ್ಲೊಂದು ಅಯಸ್ಕಾಂತವಿರಲಿ: ಪುಟ್ಟಿ ಮೆತ್ತಿದಲ್ಲಿ ಅದು ಹಿಡಿಯುವುದಿಲ್ಲ.

ಕೊನೆಗೊಂದು ತಕರಾರು. ಸೇನೆಯ ವರ್ಕ್‌ಶಾಪುಗಳೇ ವಿಲ್ಲಿಸ್, ಫೋರ್ಡ್ ಭಾಗಗಳನ್ನು ಕಲಸಿ ಜೋಡಿಸಿದ್ದವು. 1947ರಲ್ಲಿ ಮಹೀಂದ್ರದವರು ಇಲ್ಲಿಯೇ ಜೀಪು ಜೋಡಿಸತೊಡಗಿದರು, ಬಿಡಿಭಾಗಗಳೂ ಕ್ರಮೇಣ ಇಲ್ಲಿಯೇ ಆದವು. ವಿಲ್ಲಿಸ್ ಚಾಸಿಯ ಮೇಲೆ ಮಹೀಂದ್ರದ ಗೇರ್‌ಬಾಕ್ಸ್ ಹೊತ್ತು ನಾಲ್ಕು ದಶಕ ಘಟ್ಟ ಹತ್ತಿಳಿದ ಗಾಡಿಯಲ್ಲಿ ಅಸಲು ಯಾವುದು? ಅಮೆರಿಕದಿಂದ ಹೊಸದಾಗಿ ತರಿಸಿದ ಹೊಳೆಯುವ ನಕಲಿಗಿಂತ, ಊರ ಕಮ್ಮಾರನ ಬೆಸುಗೆ ಆ ಗಾಡಿಗೆ ಹೆಚ್ಚು ಸ್ವಂತದ್ದೆಂದು ನನ್ನ ಅನಿಸಿಕೆ. ತೆಗೆಯಲೇಬೇಕಾದರೆ ಫೋಟೋ ತೆಗೆದು, ಚೀಟಿ ಕಟ್ಟಿ, ಡಬ್ಬಿಯಲ್ಲಿ ಹಾಕಿಡಿ. ಸೀಟಿನಡಿ ಅಂಗೈಯಗಲ ಹಳೆಯ ಬಣ್ಣವನ್ನು ಮುಟ್ಟದೆ ಬಿಡುವಂತೆ ಪೇಂಟರಿಗೆ ಮೊದಲೇ ಹೇಳಿಬಿಡಿ. ಇಲ್ಲವಾದರೆ ಅವನು ಅದನ್ನೂ ಬಳಿದೇ ಬಿಡುತ್ತಾನೆ.