ಗಾಳಿಗೆ ಹಾಕಿದ ಬೀಗ

ನಿಮ್ಮ ಮನೆಯ ವೈ-ಫೈ ಪೆಟ್ಟಿಗೆಯ ಸೆಟ್ಟಿಂಗ್ ತೆರೆದು ನೋಡಿ. ‘ಡಬ್ಲ್ಯುಪಿಎ2’ ಎಂಬ ಅಕ್ಷರಗಳು ಕಾಣಬಹುದು. ಆ ‘2’ರ ಹಿಂದೆ ಮುರಿದುಹೋದ ಬೀಗವೊಂದರ ಕಥೆಯಿದೆ.

ವೈ-ಫೈಗೆ ಆಧಾರವಾದ 802.11 ಎಂಬ ಮಾನಕವನ್ನು ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆ ಹೊರತಂದದ್ದು 1997ರಲ್ಲಿ. ಆಗಿನ ವೇಗ ಸೆಕೆಂಡಿಗೆ ಹೆಚ್ಚೆಂದರೆ 2 ಮೆಗಾಬಿಟ್. ತಂತಿ ಇಲ್ಲವೆಂದ ಮೇಲೆ ಸಂದೇಶ ಗೋಡೆ ದಾಟುತ್ತದೆ, ನಮ್ಮ ರೇಡಿಯೋ ಹಾಗೆಯೇ. ಪಕ್ಕದ ಮನೆಯವರೂ ಹಿಡಿಯಬಹುದು. ಅದಕ್ಕೆಂದೇ ‘ವೆಪ್’ ಎಂಬ ಬೀಗವನ್ನೂ ಜೊತೆಗೆ ಕೊಟ್ಟಿದ್ದರು.

2001ರಲ್ಲಿ ಫ್ಲೂರರ್, ಮ್ಯಾಂಟಿನ್, ಶಮೀರ್ ಎಂಬ ಮೂವರು ಸಂಶೋಧಕರು ಅದರ ದೋಷವನ್ನು ಬಯಲಿಗೆ ತಂದರು. ಪ್ರತಿ ಪ್ಯಾಕೆಟ್ಟಿನಲ್ಲೂ ಕೀಲಿಯ ಜೊತೆ 24 ಬಿಟ್‌ಗಳ ಒಂದು ಸಂಖ್ಯೆ ಸೇರುತ್ತಿತ್ತು. ಅದೇನೂ ಗುಟ್ಟಲ್ಲ, ಬಹಿರಂಗವಾಗಿಯೇ ಹೋಗುತ್ತಿತ್ತು. ಅಂಥ ಕೆಲವು ಸಂಖ್ಯೆಗಳು ಕೀಲಿಯ ಸುಳಿವನ್ನೇ ಬಿಟ್ಟುಕೊಡುತ್ತಿದ್ದವು. ಸಾಕಷ್ಟು ಪ್ಯಾಕೆಟ್ ಕೂಡಿಹಾಕಿದವನಿಗೆ ಪೂರ್ತಿ ಕೀಲಿಯೇ ದಕ್ಕುತ್ತಿತ್ತು.

ಹೊಸ ಬೀಗ ಮಾಡಿದರಾಯಿತಲ್ಲ ಎನ್ನುತ್ತೀರಾ? ಐಇಇಇಯಲ್ಲಿ ಮಾನಕ ತಿದ್ದಲು ಮತ ಹಾಕಿದವರಲ್ಲಿ ಶೇ. 75ರಷ್ಟು ಜನ ಒಪ್ಪಬೇಕು, ಬಂದ ಆಕ್ಷೇಪಗಳಿಗೆಲ್ಲ ಉತ್ತರ ಕೊಡಬೇಕು. ವರ್ಷಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಮಾರಾಟವಾಗಿದ್ದ ಉಪಕರಣಗಳ ಚಿಪ್‌ಗಳಿಗೋ ಹೊಸ ಗುಪ್ತಲಿಪಿಯ ಲೆಕ್ಕ ಮಾಡುವ ಶಕ್ತಿ ಇರಲಿಲ್ಲ. ಆಗ ತಯಾರಕರ ಕೂಟವಾದ ವೈ-ಫೈ ಅಲಯನ್ಸ್, ಇನ್ನೂ ಮುಗಿಯದ ಕರಡಿನಿಂದ ಒಂದು ಭಾಗವನ್ನು ಎತ್ತಿಕೊಂಡು 2003ರಲ್ಲಿ ‘ಡಬ್ಲ್ಯುಪಿಎ’ ಎಂದು ಹೊರಬಿಟ್ಟಿತು. ಹಳೆಯ ಚಿಪ್ಪೇ ಸಾಕು, ಪ್ಯಾಕೆಟ್ಟಿಗೊಂದು ಕೀಲಿ, ಬೇಕಾದದ್ದು ಸಾಫ್ಟ್‌ವೇರ್ ಬದಲಾವಣೆ ಮಾತ್ರ. ತೇಪೆಯೇ ನಿಜ, ಆದರೆ ಇಡೀ ಕಥೆಯಲ್ಲಿ ನನಗೆ ಮೆಚ್ಚುಗೆಯಾದ ಜಾಣತನ ಅದು. ಪೂರ್ಣ ತಿದ್ದುಪಡಿ, ಅಂದರೆ 802.11ಐ, 2004ರಲ್ಲಿ ಬಂತು, ಅದೇ ಡಬ್ಲ್ಯುಪಿಎ2. 2007ರಲ್ಲಿ ಇಂಥ ತಿದ್ದುಪಡಿಗಳನ್ನೆಲ್ಲ ಮೂಲದೊಳಗೆ ಸೇರಿಸಿ ಹೊಸ ಆವೃತ್ತಿ ತಂದರು. (ತಿದ್ದುಪಡಿಗೊಂದು ಅಕ್ಷರ ಎಂದು ಹೋಗಿ ‘ಝಡ್’ ಮುಗಿದು, ಮುಂದೆ ‘ಎಎ’ಯಿಂದ ಶುರುಮಾಡಬೇಕಾಯಿತು!)

ಪುಸ್ತಕದಲ್ಲಿ ತಿದ್ದಿದ್ದು ಅಂಗಡಿಗೆ ತಲುಪಬೇಕಲ್ಲ? ಅಮೆರಿಕದ ಟಿಜೆಎಕ್ಸ್ ಮಳಿಗೆಗಳಲ್ಲಿ ವೆಪ್ ಬಳಕೆ ಮುಂದುವರಿದೇ ಇತ್ತು. 2005ರಿಂದ ಅಲ್ಲಿಗೆ ನುಗ್ಗಿದ ಕಳ್ಳರು ಕನಿಷ್ಠ 4.57 ಕೋಟಿ ಕಾರ್ಡುಗಳ ವಿವರ ದೋಚಿದರು. ಸುದ್ದಿ ಹೊರಬಿದ್ದದ್ದು 2007ರಲ್ಲಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಡಬ್ಲ್ಯುಪಿಎ2ರಲ್ಲೂ 2017ರಲ್ಲಿ ಬಿರುಕು ಸಿಕ್ಕಿತು. ಕಂಡುಹಿಡಿದವರು ಬೆಲ್ಜಿಯಂನ ಮ್ಯಾಥಿ ವಾನ್‌ಹೂಫ್. ಅದನ್ನು ಸಾಫ್ಟ್‌ವೇರಿನಿಂದಲೇ ಮುಚ್ಚಬಹುದಿತ್ತು. ಮರುವರ್ಷ ಡಬ್ಲ್ಯುಪಿಎ3 ಬಂತು. ನಿಮ್ಮ ಪೆಟ್ಟಿಗೆ ಹಳೆಯದಾಗಿದ್ದು, ಪಟ್ಟಿಯಲ್ಲಿ ‘ವೆಪ್’ ಇನ್ನೂ ಇದ್ದರೆ, ಇವತ್ತೇ ಬದಲಾಯಿಸಿಬಿಡಿ.